ಏಳನೆಯ ಕುರ್ಚಿ

ನನ್ನ ಚಿಕ್ಕಮ್ಮ ಪರೀಕ್ಷೆ ನಡೆಸುತ್ತಾಳೆಂದರೆ ಇಡೀ ಹೈಸ್ಕೂಲಿಗೆ ಕಿವಿಯಿಂದಲೇ ಗೊತ್ತಾಗುತ್ತದೆ. ಸ್ಟಾಫ್ ರೂಮಿನ ಮರದ ಕುರ್ಚಿಗಳನ್ನು ಮಕ್ಕಳು ವರಾಂಡದುದ್ದಕ್ಕೂ ಹೊತ್ತು ತರುತ್ತಾರೆ. ಹೊರಲಾರದವರು ಎಳೆದು ತರುತ್ತಾರೆ. ಗಣಿತದ ಮೇಷ್ಟ್ರು ಹಲ್ಲು ಕಚ್ಚಿಕೊಂಡು ತಮ್ಮ ತರಗತಿಯ ಬಾಗಿಲು ಹಾಕಿಕೊಳ್ಳುತ್ತಾರೆ. ಮೊದಲೆಲ್ಲ ಆ ದಿನ ಅವರು ನಿಂತೇ ಪಾಠ ಮಾಡಬೇಕಿತ್ತು, ಏಕೆಂದರೆ ಸ್ಟಾಫ್ ರೂಮಿನವು ಸಾಲದೆ ಅವರ ಕುರ್ಚಿಯೂ ಹೋಗುತ್ತಿತ್ತು.

ಮಕ್ಕಳು ಅವಳಿಗಿಟ್ಟ ಹೆಸರು ಕುರ್ಚಿ ಟೀಚರ್. ಅದು ಅವಳಿಗೂ ಗೊತ್ತು. "ಬೆತ್ತದ ಟೀಚರ್ ಅನ್ನಿಸ್ಕೊಳ್ಳೋದಕ್ಕಿಂತ ವಾಸಿ ಬಿಡು," ಎನ್ನುತ್ತಾಳೆ.

ಅವಳದು ಸಣ್ಣ ಆಳ್ತನ. ಬೋರ್ಡಿನ ಮೇಲಂಚು ಕೈಗೆಟುಕದು. ಹಾಗಾಗಿ ಅವಳ ಇಂಗ್ಲಿಷೆಲ್ಲ ಬೋರ್ಡಿನ ನಡುವಿನಿಂದ ಕೆಳಕ್ಕೆ ಇಳಿಯುತ್ತದೆ; ಮೇಲೆ ಹಿಂದಿನ ಪೀರಿಯಡ್ಡಿನ ಲೆಕ್ಕ ಅಳಿಸದೆ ಉಳಿದಿರುತ್ತದೆ. ದನಿ ಮಾತ್ರ ಆಳಿಗೆ ತಕ್ಕದ್ದಲ್ಲ. ಹಿಂದಿನ ಬೆಂಚಿನಲ್ಲಿ ತೂಕಡಿಸುವವನ ಹೆಸರನ್ನು ಅವಳು ಮೆಲ್ಲಗೆ ಕರೆದರೂ ಪಕ್ಕದ ತರಗತಿಯಲ್ಲಿ ತೂಕಡಿಸುವವನೂ ಎದ್ದು ಕೂರುತ್ತಾನೆ.

ಅವಳ ಅಪ್ಪ, ಅಂದರೆ ನನ್ನ ಅಜ್ಜ, ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಕೆಲಸದಲ್ಲಿದ್ದ. ಪುಸ್ತಕಗಳ ಅಂಚು ನುಣುಪಾಗಿ ಕತ್ತರಿಸುತ್ತಿದ್ದವನಿಗೆ ಅವುಗಳ ಒಳಗೆ ಏನಿದೆಯೆಂದು ನೋಡುವ ಬಿಡುವಿರಲಿಲ್ಲ. ಹಾಳಾದ ಹಾಳೆಗಳನ್ನು ಮಡಚಿ ಮನೆಗೆ ತರುತ್ತಿದ್ದ. ಚಿಕ್ಕಮ್ಮ ಓದು ಕಲಿತದ್ದು ಆ ಹಾಳೆಗಳಿಂದ. ಮೊದಲೂ ಇಲ್ಲದ, ಕೊನೆಯೂ ಇಲ್ಲದ ಕಥೆಗಳು. ನಡುವಿನದೊಂದು ಪುಟ ಸಿಕ್ಕರೆ, ಯಾರು ಯಾರಿಗೆ ಏನಾಗಬೇಕು, ಈ ಹೆಂಗಸು ಯಾಕೆ ಬಾಗಿಲ ಬಳಿಯೇ ನಿಂತಿದ್ದಾಳೆ, ಎಲ್ಲವನ್ನೂ ಅವಳೇ ಊಹಿಸಬೇಕು. ಆ ಚಟ ಅವಳನ್ನು ಬಿಡಲಿಲ್ಲ. ಬಸ್ಸಿನಲ್ಲಿ ಎದುರು ಕೂತವರ ಸಂಸಾರವನ್ನು ಈಗಲೂ ನನ್ನ ಕಿವಿಯಲ್ಲಿ ಪಿಸುಗುಡುತ್ತಾಳೆ. ಬಹಳ ಸಲ ಸರಿಯಾಗಿರುತ್ತದೆ.

ಚಿಕ್ಕಪ್ಪ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. "ನಾನು ಮೈ ಅಳೀತೀನಿ, ಇವಳು ತಲೆ ಅಳೀತಾಳೆ," ಎಂದು ಬಂದವರಿಗೆಲ್ಲ ಹೇಳುತ್ತಾನೆ. "ನಂದು ತಪ್ಪಿದ್ರೆ ಬಿಚ್ಚಿ ಹೊಲೀಬಹುದು. ಇವಳದು?"

ಆ ಮಾತಿಗೆ ಅವಳು ಪ್ರತಿ ಸಲವೂ ಉತ್ತರ ಕೊಡುತ್ತಿದ್ದಳು: "ನಂದು ತಪ್ಪಲ್ಲ."

ಅವಳ ತರಗತಿಗೆ ಪಠ್ಯವಾಗಿರುವುದು ಅಮೆರಿಕದ ಒಂದು ಹಳೆಯ ಕಾದಂಬರಿ. ಅಲ್ಲಿಯ ಶಾಲೆಗಳಲ್ಲಿ ತಲೆಮಾರುಗಳಿಂದ ಓದಿಸುತ್ತ ಬಂದದ್ದು. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಗರಗಸದಿಂದ ಮಂಜುಗಡ್ಡೆ ಕೊಯ್ದು ಮಾರುವ ಊರೊಂದರ ಕಥೆ. ಅಲ್ಲೊಂದು ಮನೆ, ಅಜ್ಜಿ, ಅಪ್ಪ, ಅಮ್ಮ, ಇಬ್ಬರು ಗಂಡುಮಕ್ಕಳು, ಅವರ ನಡುವೆ ಒಬ್ಬಳು ಮಗಳು. ಗಡ್ಡೆ ತೆಳುವಾಗಿದೆಯೆಂದು ಗೊತ್ತಿದ್ದೂ ಕಂಪನಿಯ ಧಣಿ ಕೆಲಸ ನಿಲ್ಲಿಸುವುದಿಲ್ಲ. ಗಡ್ಡೆ ಒಡೆದು ಹಿರಿಮಗ ಕೆರೆಯ ಪಾಲಾಗುತ್ತಾನೆ. ಕೆಲವು ದಿನಗಳ ಮೇಲೆ ಧಣಿ ಆ ಮನೆಗೆ ಊಟಕ್ಕೆ ಬರುತ್ತಾನೆ. ಒಂದು ಅಧ್ಯಾಯ ಪೂರ್ತಿ ಆ ಊಟವೇ. ಸತ್ತವನ ಮಾತು ಯಾರೂ ಎತ್ತುವುದಿಲ್ಲ. ಉಪ್ಪು ಕೊಡು, ದೀಪ ಈ ಕಡೆ ಸರಿಸು, ಬ್ರೆಡ್ಡು ಸಾಕು, ಇಷ್ಟೇ. ಕೊನೆಗೆ ಧಣಿ ಅರ್ಧ ಊಟದಲ್ಲಿ ಎದ್ದು ಹೋಗುತ್ತಾನೆ. ಯಾಕೆ ಎದ್ದನೆಂದು ಪುಸ್ತಕ ಹೇಳುವುದಿಲ್ಲ.

ಕೆಲಸಕ್ಕೆ ಸೇರಿದ ವರ್ಷ ಚಿಕ್ಕಮ್ಮ ಆ ಪ್ರಶ್ನೆಯನ್ನೇ ಲಿಖಿತ ಪರೀಕ್ಷೆಯಲ್ಲಿ ಕೊಟ್ಟಳಂತೆ: ಧಣಿ ಯಾಕೆ ಎದ್ದು ಹೋದ? ಇಡೀ ತರಗತಿಯದು ಒಂದೇ ಉತ್ತರ. ಅಂಗಡಿಯಲ್ಲಿ ಮಾರುವ ಗೈಡಿನಲ್ಲಿದ್ದ ಉತ್ತರ. ಗೈಡು ಬರೆದ ಪುಣ್ಯಾತ್ಮ ಕಾದಂಬರಿ ಓದಿರಲಿಲ್ಲವೋ ಏನೋ, ಅಜ್ಜಿಯನ್ನು ಅಜ್ಜ ಮಾಡಿಬಿಟ್ಟಿದ್ದ. ಎಲ್ಲ ಮಕ್ಕಳ ಉತ್ತರದಲ್ಲೂ ಒಬ್ಬ ಅಜ್ಜ ಕೂತು ಪೈಪು ಸೇದುತ್ತಿದ್ದ. ಚಿಕ್ಕಮ್ಮ ಮೊದಲು ನಕ್ಕಳು, ಆಮೇಲೆ ಅತ್ತಳು ಎಂದು ಚಿಕ್ಕಪ್ಪ ಹೇಳುತ್ತಾನೆ. ಮರುದಿನ ಸ್ಟಾಫ್ ರೂಮಿನಿಂದ ಕುರ್ಚಿ ತರಿಸಿದಳು.

ಕುರ್ಚಿ ಪರೀಕ್ಷೆ ಹೀಗೆ. ಒಬ್ಬೊಬ್ಬರಾಗಿ ಮುಂದೆ ಬರಬೇಕು. ಆ ಊಟದ ಮೇಜಿನ ಸುತ್ತ ಕುರ್ಚಿ ಜೋಡಿಸಿ ತೋರಿಸಬೇಕು. ಅಪ್ಪ ಎಲ್ಲಿ, ಅಜ್ಜಿ ಎಲ್ಲಿ, ಧಣಿಯ ಪಕ್ಕ ಯಾರು, ಕೆರೆಯ ಕಡೆಯ ಕಿಟಕಿ ಯಾರ ಬೆನ್ನಿಗೆ. ಯಾರು ಎಲ್ಲಿ ಕೂತರೆಂದು ಪುಸ್ತಕದಲ್ಲಿ ನೇರವಾಗಿ ಎಲ್ಲೂ ಇಲ್ಲ. ಆದರೆ ಮಗಳು ಕೈ ಚಾಚದೆ ಅಜ್ಜಿಗೆ ಉಪ್ಪು ಕೊಡುತ್ತಾಳೆ, ಅಂದರೆ ಅವರಿಬ್ಬರೂ ಪಕ್ಕಪಕ್ಕ. ದೀಪದ ಬೆಳಕು ಕಿರಿಯವನ ಕಣ್ಣಿಗೆ ಬೀಳುತ್ತದೆ, ಅಂದರೆ ಅವನು ದೀಪದೆದುರು. ಹೀಗೆ ಸಾಲು ಸಾಲಾಗಿ ಹೆಕ್ಕಿ ಜೋಡಿಸಿದವರಿಗೆ ಮಾತ್ರ ಆ ಮೇಜು ಕಾಣುತ್ತದೆ. ಪ್ರತಿ ಕುರ್ಚಿಗೂ ಕಾರಣ ಹೇಳಬೇಕು. ಕಾರಣಕ್ಕೆ ಅಂಕ.

ನಾನು ಬಿ.ಎಡ್. ತರಬೇತಿಗೆಂದು ಅದೇ ಶಾಲೆಗೆ ಹೋದ ವರ್ಷ ಆ ಅಂಕಗಳಿಗೇ ಕುತ್ತು ಬಂತು. ಮನೆಯಲ್ಲಿ ಚಿಕ್ಕಮ್ಮನಾದವಳನ್ನು ಶಾಲೆಯಲ್ಲಿ ಮೇಡಂ ಎಂದು ಕರೆಯುತ್ತ, ಕೊನೆಯ ಬೆಂಚಿನಲ್ಲಿ ಕೂತು ಅವಳ ಪಾಠ ನೋಡುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಹೆಡ್ ಮಾಸ್ತರು ಅವಳನ್ನು ಕರೆಸಿದರು. ನಾನೂ ಹಿಂದೆ ನಿಂತಿದ್ದೆ.

"ನೋಡಿ, ಅಂಕ ಅಂದ್ರೆ ಕಾಗದದ ಮೇಲಿರ್ಬೇಕು. ಮೇಲಿನವ್ರು ಕೇಳಿದ್ರೆ ನಾನು ಕುರ್ಚಿ ತೋರಿಸ್ಲಾ?"

"ತೋರಿಸಿ ಸಾರ್. ಕುರ್ಚಿ ಕಾಪಿ ಹೊಡಿಯಲ್ಲ."

"ಈ ಮಾತನ್ನ ಅವರ ಮುಂದೇನೇ ಹೇಳಿ. ಮುಂದಿನ ವಾರ ಇಲಾಖೆಯಿಂದ ಪರೀಕ್ಷಕರು ಬರ್ತಾರೆ. ಅವರು ಸರಿ ಅಂದ್ರೆ ನಿಮ್ಮ ಪರೀಕ್ಷೆ ಇರುತ್ತೆ. ಇಲ್ಲಾಂದ್ರೆ ಕಾದಂಬರಿ ಬೀರುವಿಗೆ. ಸಾರಾಂಶ ಓದಿಸಿ, ಸರಿ ಉತ್ತರಕ್ಕೆ ಟಿಕ್ ಹಾಕಿಸಿ, ಮುಗೀತು." ಸ್ವಲ್ಪ ತಡೆದು, "ನನ್ನ ಕುರ್ಚಿ ಮಾತ್ರ ಕೇಳ್ಬೇಡಿ," ಎಂದರು.

ಆ ವಾರವಿಡೀ ಚಿಕ್ಕಮ್ಮ ಮನೆಯಲ್ಲಿ ಹಾಡು ಗುನುಗಿದಳು. ಅವಳಿಗೆ ಅಳುಕೇ ಇರಲಿಲ್ಲ. ಪರೀಕ್ಷಕರು ಒಂದೇ ಒಂದು ಮಗು ಕುರ್ಚಿ ಎತ್ತಿಡುವುದನ್ನು ನೋಡಿದರೆ ಸಾಕು ಎಂಬ ನಂಬಿಕೆ.

ಪರೀಕ್ಷಕರು ಮೊಣಕಾಲು ನೋವಿನ ಹಿರಿಯ ಹೆಂಗಸು. ದಪ್ಪ ಕನ್ನಡಕ, ಕಡಿಮೆ ಮಾತು. ತರಗತಿಗೆ ಬಂದು ಕೂರಲು ನೋಡಿದರೆ ಕುರ್ಚಿಯಿಲ್ಲ; ತಂದಿದ್ದ ಏಳೂ ಮೇಜಿನ ಸುತ್ತ ಪರೀಕ್ಷೆಗಿದ್ದವು. ಹೆಡ್ ಮಾಸ್ತರು ಚಡಪಡಿಸಿದರು. "ಪರವಾಗಿಲ್ಲ," ಎಂದು ಆಕೆ ಮಕ್ಕಳ ಬೆಂಚಿನ ತುದಿಯಲ್ಲಿ, ನನ್ನ ಪಕ್ಕ, ಕಾಲು ಚಾಚಿ ಕೂತರು.

ಮೊದಲು ಬಂದವನು ತರಗತಿಯ ಉದ್ದಣ್ಣ. ಪಟಪಟನೆ ಏಳು ಕುರ್ಚಿ ಜೋಡಿಸಿದ. ಒಂದೊಂದಕ್ಕೂ ಕಾರಣ ಹೇಳಿದ. ಕೊನೆಗೆ ಕಿಟಕಿಯತ್ತ ಮುಖ ಮಾಡಿದ್ದ ಖಾಲಿ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು, ದನಿ ತಗ್ಗಿಸಿ, "ಇದು ಹಿರಿಮಗಂದು. ಯಾರೂ ಕೂತಿಲ್ಲ. ಎಲ್ಲರಿಗಿಂತ ಜೋರಾಗಿ ಮಾತಾಡೋದು ಈ ಖಾಲಿ ಕುರ್ಚಿನೇ. ಅದನ್ನ ನೋಡೋಕಾಗ್ದೆ ಧಣಿ ಎದ್ದು ಹೋಗ್ತಾನೆ," ಎಂದ. ಪರೀಕ್ಷಕರು ಏನೋ ಬರೆದುಕೊಂಡರು. ಚಿಕ್ಕಮ್ಮನ ಕಣ್ಣು ಹೊಳೆಯಿತು.

ಎರಡನೆಯವಳು ಬಂದಳು. ಅದೇ ಏಳು, ಅದೇ ಜಾಗ. "ಎಲ್ಲರಿಗಿಂತ ಜೋರಾಗಿ ಮಾತಾಡೋದು..." ಅವಳೂ ಅಲ್ಲಿಯೇ ದನಿ ತಗ್ಗಿಸಿದಳು. ಮೂರನೆಯವನೂ ಅಷ್ಟೇ. ಕೈಯಿಡುವ ರೀತಿಯೂ ಅದೇ.

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. "ಚೆನ್ನಾಗಿ ಹೇಳ್ದೆ ಮರಿ. ಇದನ್ನ ನಿಂಗೆ ಯಾರು ಹೇಳ್ಕೊಟ್ರು?"

"ನಮ್ಮಕ್ಕ ಮೇಡಂ."

"ಅವಳಿಗೆ?"

"ಅವಳ ಸೀನಿಯರ್ಸು. ಅವಳಿಗೆ ಫುಲ್ ಮಾರ್ಕ್ಸ್ ಬಂದಿತ್ತು ಮೇಡಂ!" ಹುಡುಗ ಹೆಮ್ಮೆಯಿಂದಲೇ ಹೇಳಿದ. ತರಗತಿ ಗೊಳ್ಳೆಂದು ನಕ್ಕಿತು. ಚಿಕ್ಕಮ್ಮ ನಗಲಿಲ್ಲ.

ವಿರಾಮದ ಗಂಟೆ ಹೊಡೆಯಿತು. ಪರೀಕ್ಷಕರು ಅವಳ ಬಳಿಗೆ ಬಂದು, ಮಕ್ಕಳಿಗೆ ಕೇಳದಂತೆ, "ಬೇಜಾರು ಮಾಡ್ಕೋಬೇಡಿ. ಗೈಡ್ ಬೇಡ ಅಂತ ಕುರ್ಚಿ ತಂದ್ರಿ. ಈಗ ಕುರ್ಚಿನೇ ಗೈಡ್ ಆಗಿದೆಯಲ್ಲಾ?" ಎಂದರು. ಆಕೆಯ ಮಾತಿನಲ್ಲಿ ಚುಚ್ಚುವಿಕೆ ಇರಲಿಲ್ಲ. ಅದಕ್ಕೇ ಇರಬೇಕು, ಚಿಕ್ಕಮ್ಮ ವಾದಕ್ಕಿಳಿಯದೆ ಸ್ಟಾಫ್ ರೂಮಿನತ್ತ ಹೊರಟಳು.

ಸ್ಟಾಫ್ ರೂಮಿನಲ್ಲಿ ಎಲ್ಲರೂ ನಿಂತೇ ಚಹಾ ಕುಡಿಯುತ್ತಿದ್ದರು. ಹೆಡ್ ಮಾಸ್ತರು ಹತ್ತಿರ ಬಂದರು. "ಆಗಿದ್ದಾಯ್ತು. ಇನ್ನು ಚೆನ್ನಾಗಿ ಮಾತಾಡೋ ಇಬ್ಬರು ಮೂವರನ್ನ ಕರೆದು ಮುಗಿಸಿ. ಆ 'ಆದ್ರೆ'ನ ಮಾತ್ರ ಕರೀಬೇಡಿ, ಕೈ ಮುಗಿತೀನಿ."

ಆದ್ರೆ ಎಂದರೆ ಎರಡನೇ ಬೆಂಚಿನ ಒಬ್ಬ ಹುಡುಗಿ. ಯಾರು ಏನೇ ಹೇಳಿದರೂ "ಆದ್ರೆ..." ಎಂದು ಬಾಯಿ ತೆಗೆಯುತ್ತಿದ್ದರಿಂದ ಬಂದ ಹೆಸರು. ವಿಜ್ಞಾನದ ಮೇಷ್ಟ್ರು ಅವಳ ಕಣ್ಣು ತಪ್ಪಿಸಿ ಪಾಠ ಮಾಡುತ್ತಿದ್ದರು. ಅವಳ ಅಮ್ಮ ಶಾಲೆಗೆ ಬಂದಾಗಲೆಲ್ಲ, "ಮನೇಲೂ ಹಿಂಗೇ ಮೇಡಂ, ನಮ್ಮತ್ತೆಗೂ ಎದುರು ಮಾತು," ಎಂದು ಅರ್ಧ ದೂರು, ಅರ್ಧ ಖುಷಿ ಒಪ್ಪಿಸಿ ಹೋಗುತ್ತಿದ್ದಳು.

ಚಿಕ್ಕಮ್ಮ ನಲ್ಲಿಯ ಕೆಳಗೆ ಕೈಯ ಸೀಮೆಸುಣ್ಣ ತೊಳೆಯುತ್ತಿದ್ದಳು. "ಕ್ಲಾಸಲ್ಲಿ ಕೂತಿರೋರೆಲ್ಲ ಬರ್ತಾರೆ ಸಾರ್. ಅವಳೂ ಕೂತಿದ್ದಾಳೆ," ಎಂದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗದೆ, "ಮೊದಲ್ನೇ ವರ್ಷ ಚೆನ್ನಾಗಿತ್ತು ಕಣೇ. ಒಬ್ಬೊಬ್ಬರದು ಒಂದೊಂದು ಥರ ಇತ್ತು. ಒಬ್ಬ ಹುಡುಗ ಖಾಲಿ ಕುರ್ಚಿ ವಿಷಯ ಹೇಳಿದ. ನಂಗೆ ಎಷ್ಟು ಹಿಡಿಸ್ತು ಅಂದ್ರೆ ಎಲ್ಲರ ಮುಂದೆ ಹೊಗಳ್ಬಿಟ್ಟೆ," ಎಂದಳು. ನಲ್ಲಿ ಹರಿಯುತ್ತಲೇ ಇತ್ತು. ನಾನೇ ನಿಲ್ಲಿಸಿದೆ.

ವಿರಾಮ ಮುಗಿದ ಮೇಲೆ ಅವಳು ಮೊದಲು ಕರೆದದ್ದು ಆದ್ರೆಯನ್ನೇ.

ಹುಡುಗಿ ಮುಂದೆ ಬಂದು ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿದಳು. ಆಮೇಲೆ ಒಂದೊಂದಾಗಿ ತಂದಳು. ಅಪ್ಪ. ಅಮ್ಮ. ಅಜ್ಜಿ, ಪಕ್ಕದಲ್ಲಿ ಮಗಳು. ದೀಪದೆದುರು ಕಿರಿಯವ. ಕಿಟಕಿಯತ್ತ ಮುಖ ಮಾಡಿ ಮತ್ತೊಂದು. ಅಲ್ಲಿಗೆ ನಿಲ್ಲಿಸಿ ಅಂಗೈ ಒರೆಸಿಕೊಂಡಳು. ಏಳನೆಯದು ಗೋಡೆಯ ಬಳಿಯೇ ಇತ್ತು. ಅವಳು ಅದನ್ನೂ ಎತ್ತಿದಳು. ಆದರೆ ಮೇಜಿನ ಬಳಿಗೆ ತರದೆ, ನೇರ ಹಿಂದಕ್ಕೆ ಬಂದು ಪರೀಕ್ಷಕರ ಮುಂದಿಟ್ಟಳು.

"ಇದು ಬೇಡ ನಮಗೆ. ನೀವು ಕೂತ್ಕೊಳ್ಳಿ ಮೇಡಂ, ಕಾಲು ನೋವಲ್ವಾ?"

ತರಗತಿಯಲ್ಲಿ ಗುಸುಗುಸು ಎದ್ದಿತು. ಪರೀಕ್ಷಕರು ಬೆಂಚು ಬಿಟ್ಟು ಕುರ್ಚಿಗೆ ಬಂದರು.

"ಒಂದು ಕುರ್ಚಿ ಮರ್ತೆ," ಎಂದಳು ಚಿಕ್ಕಮ್ಮ. "ಧಣಿ ಎಲ್ಲಿ?"

"ಇಲ್ಲಿ ಟೀಚರ್." ಹುಡುಗಿ ಕಿಟಕಿಯೆದುರಿನ ಕುರ್ಚಿ ಮುಟ್ಟಿದಳು.

"ಅದು ಹಿರಿಮಗಂದು."

"ಹೌದು ಟೀಚರ್. ಆದ್ರೆ..."

ಇಡೀ ತರಗತಿ ಒಂದೇ ಉಸಿರಿಗೆ, "ಆದ್ರೇ...!" ಎಂದು ರಾಗ ಎಳೆಯಿತು. ಹೆಡ್ ಮಾಸ್ತರು ಬಾಗಿಲಲ್ಲಿ ಹಣೆ ಒತ್ತಿಕೊಂಡರು. ಚಿಕ್ಕಮ್ಮ ಕೈಯೆತ್ತಿ ಸುಮ್ಮನಾಗಿಸಿದಳು. "ಹೇಳು."

"ಆದ್ರೆ ಆ ಮನೇಲಿ ಇರೋದೇ ಆರು ಕುರ್ಚಿ. ಅಪ್ಪನೇ ಮಾಡಿದ್ದು, ಮೊದಲ್ನೇ ಅಧ್ಯಾಯದಲ್ಲಿ ಬರುತ್ತೆ. ತಲೆಗೊಂದು ಕುರ್ಚಿ ಆಯ್ತು, ಮರಾನೂ ಮುಗೀತು, ಇನ್ನು ಮಕ್ಕಳು ಸಾಕು ಅಂತಾನಲ್ಲ ಹೆಂಡ್ತಿ ಹತ್ರ? ನಾವೆಲ್ಲ ನಕ್ಕಿದ್ವಿ. ನೀವೂ ನಕ್ಕಿದ್ರಿ." ಅವಳು ಉಗುಳು ನುಂಗಿದಳು. "ಏಳನೇದು ಎಲ್ಲಿಂದ ಬಂತು ಟೀಚರ್?"

ಆ ನಗೆಮಾತಿಗೆ ನಾನೂ ನಕ್ಕಿದ್ದೆ. ವರ್ಷ ವರ್ಷ ಎಲ್ಲ ತರಗತಿಗಳೂ ಅಲ್ಲಿ ನಕ್ಕು ಪುಟ ತಿರುಗಿಸಿದ್ದವು. ಏಳನೆಯ ಕುರ್ಚಿ ಬಂದದ್ದು ನಮ್ಮ ಶಾಲೆಯಿಂದ. ಮೊದಲ ವರ್ಷ ಚಿಕ್ಕಮ್ಮ ಜನರನ್ನು ಎಣಿಸಿ ಕುರ್ಚಿ ತರಿಸಿದ್ದಳು. ಮನೆಯವರಿಗೆ ಆರು, ಅತಿಥಿಗೊಂದು. ಆಮೇಲೆ ಯಾರೂ ಎಣಿಸಿರಲಿಲ್ಲ.

"ಬೇರೆ ಮನೆಯಿಂದ ತಂದಿರ್ಬಹುದಲ್ವಾ?" ಎಂದಳು ಚಿಕ್ಕಮ್ಮ. ಅವಳ ದನಿ ತನ್ನದನ್ನು ಕಾಪಾಡಿಕೊಳ್ಳುವವರದಾಗಿರಲಿಲ್ಲ, ಕೆಣಕುವವರದಾಗಿತ್ತು. ಅದು ನನಗೆ ಗೊತ್ತಿದ್ದ ದನಿ.

"ತಂದಿರ್ಬಹುದು. ಆದ್ರೆ ಅಮ್ಮ ಧಣಿ ಮುಂದೆ ಬಟ್ಟಲು ಇಡುವಾಗ ಅದರ ಹಿಡೀನ ಎಡಕ್ಕೆ ತಿರುಗಿಸ್ತಾಳೆ. ಧಣಿ ಬಲಗೈಯಲ್ಲಿ ಸಹಿ ಹಾಕೋನು. ಎಡಗೈಯಲ್ಲಿ ಗರಗಸ ಹಿಡೀತಿದ್ದೋನು ಹಿರಿಮಗ."

ಚಿಕ್ಕಮ್ಮ ಮೇಜಿನಿಂದ ಪುಸ್ತಕ ಎತ್ತಿಕೊಂಡಳು. ಅವಳ ಪ್ರತಿಯ ಹೊಲಿಗೆ ಬಿಟ್ಟಾಗ ಚಿಕ್ಕಪ್ಪ ಅದನ್ನು ಅಂಗಿಯ ದಾರದಲ್ಲಿ ಹೊಲಿದುಕೊಟ್ಟಿದ್ದ. ಮೊದಲ ಅಧ್ಯಾಯ ತೆಗೆದಳು. ಓದಿದಳು. ಊಟದ ಅಧ್ಯಾಯಕ್ಕೆ ಬಂದಳು. ಆ ಪುಟ ಅವಳಿಗೆ ಬಾಯಿಪಾಠ. ಆದರೂ ಅಕ್ಷರದ ಮೇಲೆ ಬೆರಳಿಟ್ಟು, ಈಗಷ್ಟೇ ಓದು ಕಲಿತವಳ ಹಾಗೆ, ನಿಧಾನವಾಗಿ ಓದಿದಳು. ನಾನು ಕೂತಲ್ಲಿಂದ ಅವಳ ಮುಖ ಪೂರ್ತಿ ಕಾಣುತ್ತಿರಲಿಲ್ಲ. ಬೆರಳು ಒಂದು ಕಡೆ ನಿಂತದ್ದು ಮಾತ್ರ ಕಂಡಿತು.

ಆಮೇಲೆ ಅವಳು ಪುಸ್ತಕ ಮಡಚಿ, ಪರೀಕ್ಷಕರತ್ತ ತಿರುಗಿ, "ಮೇಡಂ, ಸ್ವಲ್ಪ ಇಲ್ಲಿಗೆ ಬರ್ತೀರಾ? ಈ ಕುರ್ಚಿಗೆ," ಎಂದಳು.

ಆಕೆ ಎದ್ದು ಬಂದು ಕಿಟಕಿಯೆದುರು ಕೂತರು. ಚಿಕ್ಕಮ್ಮ ತನ್ನ ನೀರಿನ ಲೋಟವನ್ನು, ಹಿಡಿಯಿದ್ದ ಹಳೆಯ ಪಿಂಗಾಣಿ ಲೋಟ ಅದು, ಆಕೆಯ ಮುಂದಿಟ್ಟಳು. ಇಟ್ಟು, ಎರಡು ಬೆರಳಿಂದ ಹಿಡಿಯನ್ನು ಎಡಕ್ಕೆ ತಿರುಗಿಸಿದಳು. ಮೃದುವಾಗಿ, ಮನೆಯವರಿಗೆ ತಿರುಗಿಸುವ ಹಾಗೆ.

ಪರೀಕ್ಷಕರ ಬಲಗೈ ಮುಂದೆ ಬಂತು. ಹಿಡಿ ಸಿಗದೆ ಲೋಟದ ಮೇಲೆ ಗಾಳಿಯಲ್ಲೇ ನಿಂತಿತು. ಎಡಗೈ ಎತ್ತಲೋ ಬೇಡವೋ ಎಂಬಂತೆ ಅರ್ಧ ಎದ್ದಿತು. ಆಕೆ ಎರಡೂ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಎದುರಿಗೆ ಕಿಟಕಿ. ಆಚೆ ಬರೀ ಆಟದ ಮೈದಾನ. ಆದರೂ ಎಲ್ಲರೂ ಆ ಕಡೆ ನೋಡಿದೆವು.

"ಊಟ ಇಳಿಯಲ್ಲ," ಎಂದರು ಪರೀಕ್ಷಕರು ಮೆಲ್ಲಗೆ. "ಎದ್ದು ಹೋಗ್ಲೇಬೇಕು ಅವನು."

"ಅಮ್ಮ ಬೇಕಂತಲೇ ಕೂರಿಸಿದ್ಲೋ, ಅಭ್ಯಾಸಕ್ಕೆ ಬಟ್ಟಲು ತಿರುಗಿಸಿದ್ಲೋ ನಂಗೆ ಗೊತ್ತಾಗ್ಲಿಲ್ಲ ಟೀಚರ್," ಎಂದಳು ಹುಡುಗಿ. "ಎರಡು ಸಲ ಓದ್ದೆ. ಆದ್ರೂ ಗೊತ್ತಾಗ್ಲಿಲ್ಲ."

"ನಂಗೂ ಗೊತ್ತಿಲ್ಲ," ಎಂದಳು ಚಿಕ್ಕಮ್ಮ. ಆಗ ಅವಳ ಮುಖ ನನ್ನ ಕಡೆ ತಿರುಗಿತು. ಮಗುವಿನ ಮೊದಲ ಹೆಜ್ಜೆ ನೋಡುವವರ ಮುಖ ಅದು. ಅವಳು ತರಗತಿಯತ್ತ ನೋಡಿ, ತನ್ನ ದೊಡ್ಡ ದನಿಯಲ್ಲಿ, ಪಕ್ಕದ ಕೋಣೆಗಳಿಗೂ ಕೇಳುವಂತೆ ಹೇಳಿದಳು: "ಇಷ್ಟು ವರ್ಷ ನಾನು ಈ ಮೇಜನ್ನ ತಪ್ಪಾಗಿ ಹಾಕಿಸಿದ್ದೆ. ಇವತ್ತು ಇವಳು ಸರಿ ಮಾಡಿದ್ಲು. ಇವಳಿಗೆ ಪೂರ್ತಿ ಅಂಕ. ಆದ್ರೆ..."

ಮಕ್ಕಳು ಮೇಜು ಬಡಿದು ನಕ್ಕರು. ಪರೀಕ್ಷಕರೂ ನಕ್ಕರು.

"ಆದ್ರೆ ಬೆಳಿಗ್ಗೆ ಕೊಟ್ಟ ಅಂಕ ಯಾವುದೂ ಇಲ್ಲ. ಎಲ್ಲರೂ ನಾಳೆ ಮತ್ತೆ ಬನ್ನಿ. ಈ ಅಧ್ಯಾಯ ಅಲ್ಲ, ಕೆರೆ ದಡದ ದೋಣಿಮನೆಯದು."

"ಅಯ್ಯೋ ಟೀಚರ್!" ಎಂದ ಉದ್ದಣ್ಣ. "ಅದನ್ನ ನಮ್ಮಣ್ಣ ಓದೇ ಇಲ್ಲ!"

"ನೀನು ಓದು."

ಬಾಗಿಲಲ್ಲಿ ಹೆಡ್ ಮಾಸ್ತರು, "ನಾಳೆನೂ ಕುರ್ಚಿ ಹೊರಿಸ್ತೀರಾ?" ಎಂದರು.

"ಇಲ್ಲ ಸಾರ್. ಆ ಅಧ್ಯಾಯದಲ್ಲಿ ಎಲ್ಲರೂ ನಿಂತೇ ಇರ್ತಾರೆ."

ಪರೀಕ್ಷಕರು ಮೊಣಕಾಲು ಹಿಡಿದು ಎದ್ದರು. ಪೆನ್ನಿನ ಮುಚ್ಚಳ ತೆಗೆದು, ನಿಂತಲ್ಲೇ ಬರೆದು, ಹೆಡ್ ಮಾಸ್ತರ ಕೈಗೆ ಕೊಟ್ಟರು. "ಪರೀಕ್ಷೆ ಇರ್ಲಿ, ಪುಸ್ತಕಾನೂ ಇರ್ಲಿ. ವರ್ಷಕ್ಕೊಂದು ಹೊಸ ಅಧ್ಯಾಯ ಕೊಡ್ಬೇಕು, ಅಷ್ಟೇ ಷರತ್ತು." ಹೋಗುವಾಗ ಆದ್ರೆಯ ತಲೆ ಸವರಿ, "ನಿಮ್ಮಜ್ಜಿಗೂ ಹಿಂಗೇ ಎದುರು ಮಾತಾಡ್ತೀಯಾ?" ಎಂದು ಕೇಳಿದರು. "ಹೌದು ಮೇಡಂ. ಆದ್ರೆ ಅವರೇ ಶುರು ಮಾಡೋದು," ಎಂದಳು ಅವಳು.

ಸಂಜೆ ಮಕ್ಕಳು ಆರು ಕುರ್ಚಿಗಳನ್ನು ಹೊತ್ತೊಯ್ದರು. ಏಳನೆಯದನ್ನು ಚಿಕ್ಕಮ್ಮ ಯಾರಿಗೂ ಕೊಡಲಿಲ್ಲ. "ಬಿಡು, ನಾನೇ ತಂದದ್ದು," ಎಂದು ನನ್ನ ಕೈ ಸರಿಸಿ, ತಾನೇ ತಲೆಯ ಮೇಲಿಟ್ಟುಕೊಂಡು, ವರಾಂಡದ ನಡುವೆ ನೆಟ್ಟಗೆ ನಡೆದಳು. ಗಣಿತದ ಮೇಷ್ಟ್ರ ತರಗತಿಗೆ ಹೋಗಿ ಅವರ ಮೇಜಿನ ಹಿಂದೆ ಇಟ್ಟಳು.

"ಇನ್ಮೇಲೆ ಇದು ಇಲ್ಲೇ ಇರುತ್ತೆ ಸಾರ್. ನಮ್ಮ ಕಥೆಗೆ ಬೇಡ ಅಂತ ಗೊತ್ತಾಯ್ತು."

ಮೇಷ್ಟ್ರು ಅನುಮಾನದಿಂದ ಕುರ್ಚಿಯನ್ನು ಅಲ್ಲಾಡಿಸಿ ನೋಡಿ, ಆಮೇಲೆ ಕೂತರು.

ದಾರಿಯುದ್ದಕ್ಕೂ ಅವಳು ಹೇಳಿದ್ದೇ ಹೇಳಿದ್ದು. ಹಣ್ಣಿನಂಗಡಿಯವಳಿಗೆ ಹೇಳಿದಳು. ಬಸ್ಸಿನಲ್ಲಿ ಪಕ್ಕ ಕೂತ, ಪರಿಚಯವೇ ಇಲ್ಲದ ಹೆಂಗಸಿಗೆ ಹೇಳಿದಳು. ಮನೆ ಹೊಕ್ಕು ಚಪ್ಪಲಿ ಬಿಡುವ ಮೊದಲೇ, "ಕೇಳಿ ಇಲ್ಲಿ, ನನ್ನ ಹುಡುಗಿಯೊಬ್ಬಳು ಇವತ್ತು ನನ್ನ ತಪ್ಪು ಹಿಡಿದ್ಲು!" ಎಂದಳು.

ಚಿಕ್ಕಪ್ಪ ಮಿಷನ್ನಿನಿಂದ ಕಾಲು ತೆಗೆದು, ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. "ನಿಂದು ತಪ್ಪಲ್ಲ ಅಂತಿದ್ದೆ?"

"ತಪ್ತು. ಎಲ್ಲರೆದುರು ಬಿಚ್ಚಿ ಹೊಲಿದ್ಲು."

"ಸೋತು ಬಂದೋರು ಇಷ್ಟು ಜೋರಾಗಿ ಹೇಳ್ಕೊಳ್ಳೋದನ್ನ ನಾನು ಕಂಡಿಲ್ಲಮ್ಮ," ಎಂದು ಅವನು ನನ್ನ ಕಡೆ ತಿರುಗಿದ.

ಅವಳು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಾಗಲೇ ಊಟದ ಮೇಜಿನ ಬಳಿ ಹೋಗಿ, ಬಟ್ಟಲೊಂದನ್ನು ಇಟ್ಟು, "ಬನ್ನಿ, ಇಲ್ಲಿ ಕೂತ್ಕೊಳ್ಳಿ, ತೋರಿಸ್ತೀನಿ," ಎಂದು ಅವನಿಗಾಗಿ ಕುರ್ಚಿ ಎಳೆಯುತ್ತಿದ್ದಳು.